ಸಹಿ ಹಾಕುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮದುವೆಯಾಗಿದ್ದು 1992ರಲ್ಲಿ. ಅಮ್ಮ ಮೊದಲೇ ಹೋದರು, ಅಪ್ಪ ಕಳೆದ ವರ್ಷ ತೀರಿಕೊಂಡರು. ತಾತನ ಕಾಲದ 4 ಎಕರೆ 20 ಗುಂಟೆ, ಅಪ್ಪ ಸ್ವಂತ ದುಡ್ಡಲ್ಲಿ ಕೊಂಡ 2 ಎಕರೆ 10 ಗುಂಟೆ ಜಮೀನಿದೆ. ಅಣ್ಣಂದಿರು ಇಬ್ಬರು. ‘ಪೌತಿ ಖಾತೆ ಮಾಡಿಸ್ಬೇಕು, ಬಂದು ಒಂದು ಸಹಿ ಹಾಕಿ ಹೋಗು’ ಅಂತ ಫೋನ್ ಮಾಡ್ತಿದ್ದಾರೆ. 94ಕ್ಕಿಂತ ಮುಂಚೆ ಮದುವೆಯಾದವರಿಗೆ ಪಾಲೇ ಇಲ್ಲ ಅಂತಲೂ ಊರಲ್ಲಿ ಹೇಳ್ತಾರೆ. ಏನಾದರೂ ಕೇಳಿದರೆ ತವರು ಕಡಿದುಹೋಗುತ್ತೇನೋ ಅನ್ನೋ ಭಯ. ಸಹಿ ಹಾಕಲೇ?
(ಹೆಸರು ಬೇಡ, ಚನ್ನರಾಯಪಟ್ಟಣ)

ಉತ್ತರ: ಕಾಗದ ಓದದೆ ಹಾಕಬೇಡಿ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ದಾಖಲಿಸುವ ಪೌತಿ ಖಾತೆಗೆ ಬೇಕಾದ ಸಹಿ ಒಂದು, ಹಕ್ಕು ಬಿಟ್ಟುಕೊಡುವ ಸಹಿ ಇನ್ನೊಂದು. ಎರಡನ್ನೂ ಫೋನಿನಲ್ಲಿ ‘ಒಂದು ಸಹಿ’ ಎಂದೇ ಹೇಳುತ್ತಾರೆ.

ಮೊದಲು ‘94’ರ ಮಾತು. ಅದು ಪೂರ್ತಿ ಸುಳ್ಳಲ್ಲ, ಹಳೆಯದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. ಆದರೆ 1994ರ ಜುಲೈ 30ಕ್ಕಿಂತ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಮದುವೆ ಯಾವಾಗ ಆಯಿತು ಎಂಬುದು ಈಗ ಲೆಕ್ಕಕ್ಕೇ ಬರುವುದಿಲ್ಲ, ಮಗಳು ಮಗನಂತೆಯೇ ಹುಟ್ಟಿನಿಂದ ಪಾಲುದಾರಳು. ತಂದೆ 2005ಕ್ಕೂ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಹೋಗುವುದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟವಾಗಿ ಹೇಳಿದೆ. ಮುಖ್ಯ ಅಡ್ಡಿಯೆಂದರೆ, 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಿಭಾಗ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಜಮೀನು ಹಂಚಿಹೋಗಿದ್ದರೆ ಅದನ್ನು ಈಗ ಕೆದಕುವಂತಿಲ್ಲ. ‘ಆವಾಗಲೇ ಬಾಯಿಮಾತಿನಲ್ಲಿ ಪಾಲಾಗಿದೆ’ ಎಂದಷ್ಟೇ ಹೇಳಿದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಈಗ ನಿಮ್ಮ ಪಾಲು. ತಾತನ ಕಾಲದ್ದು 180 ಗುಂಟೆ. ಅಪ್ಪ, ಇಬ್ಬರು ಗಂಡುಮಕ್ಕಳು, ನೀವು ಸೇರಿ ನಾಲ್ಕು ಪಾಲು, ಒಂದೊಂದು 45 ಗುಂಟೆ. ಅಪ್ಪನ 45 ಗುಂಟೆ ಮೂವರು ಮಕ್ಕಳಿಗೆ 15ರಂತೆ ಬರುತ್ತದೆ. ಅಲ್ಲಿಗೆ ನಿಮ್ಮದು 60 ಗುಂಟೆ. ಅಪ್ಪನ ಸ್ವಯಾರ್ಜಿತ 90 ಗುಂಟೆಯಲ್ಲಿ ಮೂವರಿಗೂ 30. ಒಟ್ಟು 90 ಗುಂಟೆ, ಅಂದರೆ 2 ಎಕರೆ 10 ಗುಂಟೆ. ಅಪ್ಪ ಉಯಿಲು ಬರೆದಿದ್ದರೆ ಈ ಲೆಕ್ಕ ಬದಲಾಗುತ್ತದೆ. ಸ್ವಯಾರ್ಜಿತವನ್ನೂ ಪಿತ್ರಾರ್ಜಿತದಲ್ಲಿನ ತಮ್ಮ ಪಾಲನ್ನೂ ಅವರು ಯಾರಿಗೆ ಬೇಕಾದರೂ ಬರೆದಿರಬಹುದು. ನಿಮ್ಮ 45 ಗುಂಟೆಯನ್ನು ಮಾತ್ರ ಯಾವ ಉಯಿಲೂ ಕಿತ್ತುಕೊಳ್ಳಲಾರದು. (ಈ ಲೆಕ್ಕ ಹಿಂದೂ, ಜೈನ, ಬೌದ್ಧ, ಸಿಖ್ ಕುಟುಂಬಗಳಿಗೆ. ಕ್ರೈಸ್ತರಲ್ಲಿ 1925ರ ಉತ್ತರಾಧಿಕಾರ ಕಾಯ್ದೆಯಂತೆ ಮಗ, ಮಗಳು ಸಮ. ಮುಸ್ಲಿಮರಲ್ಲಿ ಮಗನಿಗೆ ಎರಡು ಭಾಗವಾದರೆ ಮಗಳಿಗೆ ಒಂದು.)

ಕಾಗದವನ್ನು ಗುರುತಿಸುವುದು ಹೇಗೆ? ಪೌತಿ ಖಾತೆಯ ಅರ್ಜಿ ನಾಡಕಚೇರಿಗೆ ಹೋಗುತ್ತದೆ. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರ ಗುರುತಿನ ಚೀಟಿ ಬೇಕು. ಆ ಕೆಲಸಕ್ಕೆ ನಿಮ್ಮನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು, ಕ್ಯಾಮೆರಾ ಮುಂದೆ ಕೂರಿಸಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅಗತ್ಯವೇ ಇಲ್ಲ. ಆಟೋ ಆ ಕಚೇರಿಯ ಮುಂದೆ ನಿಂತಿತೆಂದರೆ ಅದು ಬೇರೆ ಪತ್ರ ಎಂದು ತಿಳಿಯಿರಿ. ಅದರ ತಲೆಬರಹ ‘ಹಕ್ಕು ಬಿಡುಗಡೆ ಪತ್ರ’ ಅಥವಾ ‘ಖುಲಾಸೆ ಪತ್ರ’ ಎಂದಿರುತ್ತದೆ. ಒಳಗೆ ‘ನನಗೆ ಸಲ್ಲತಕ್ಕ ಮೊಬಲಗು ಪೂರಾ ಮುಟ್ಟಿರುತ್ತದೆ’, ‘ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ’ ಎಂಬಂಥ ಸಾಲುಗಳಿರುತ್ತವೆ. ಈ ಎರಡು ಸಾಲು ಕಣ್ಣಿಗೆ ಬಿದ್ದರೆ ಪೆನ್ನು ಕೆಳಗಿಡಿ. ಒಮ್ಮೆ ನೋಂದಣಿಯಾದರೆ ‘ಓದಿರಲಿಲ್ಲ’ ಎಂಬುದನ್ನು ರುಜುವಾತು ಮಾಡುವ ಹೊರೆ ನಿಮ್ಮ ಮೇಲೇ ಬೀಳುತ್ತದೆ. ಮೋಸವಾಗಿದೆ ಎಂದು ಪತ್ರ ರದ್ದು ಮಾಡಿಸಲು ವಿಷಯ ತಿಳಿದ ದಿನದಿಂದ 3 ವರ್ಷ ಮಾತ್ರ ಅವಕಾಶ. ಖಾಲಿ ಹಾಳೆ, ಖಾಲಿ ಛಾಪಾಕಾಗದ, ನಿಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಜಿಪಿಎ ಪತ್ರಕ್ಕೂ ಇದೇ ಎಚ್ಚರಿಕೆ. ಫೋನಿಗೆ ಬಂದ ಒಟಿಪಿಯನ್ನೂ ಸಹಿಯಷ್ಟೇ ಜೋಪಾನ ಮಾಡಿ.

ಇಷ್ಟಾದರೂ ಎಡವುವ ಜಾಗ ಇನ್ನೊಂದಿದೆ, ವಂಶವೃಕ್ಷ. ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ವಂಶವೃಕ್ಷ ಮಾಡಿಸಿದರೆ ನಿಮ್ಮ ಸಹಿಯ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಊರಿಗೆ ಹೋಗುವ ಮೊದಲೇ ನಾಲ್ಕು ಕಾಗದ ತೆಗೆಸಿ: ಪ್ರತಿ ಸರ್ವೆ ನಂಬರಿನ ಪಹಣಿ, ಅದರಲ್ಲಿ ಬರೆದಿರುವ ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ಅಪ್ಪ ಕೊಂಡ ವರ್ಷದಿಂದ ಇವತ್ತಿನವರೆಗಿನ ಇಸಿ (ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ಋಣಭಾರ ಪತ್ರ), ಕ್ರಯಪತ್ರದ ದೃಢೀಕೃತ ನಕಲು. ಇತ್ತೀಚಿನ ವರ್ಷಗಳ ಇಸಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲೇ ಸಿಗುತ್ತದೆ, ಹಳೆಯದಕ್ಕೆ ಕಚೇರಿಗೇ ಅರ್ಜಿ ಕೊಡಬೇಕು. ಪಹಣಿಯ 9ನೇ ಕಲಂನಲ್ಲಿ ಯಾರ ಹೆಸರಿದೆ, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಯಾವ ಸಾಲ ಕೂತಿದೆ ಎಂದು ನೋಡಿ. ಖಾತೆ ಬದಲಾವಣೆಯ ನೋಟಿಸು ಹೊರಟಿದ್ದರೆ, ಅದರಲ್ಲಿ ಬರೆದ ಅವಧಿಯೊಳಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಆದೇಶವೇ ಆಗಿಹೋಗಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಖಾತೆ ಅಣ್ಣಂದಿರ ಹೆಸರಿಗೆ ಕೂತ ಮಾತ್ರಕ್ಕೆ ಜಮೀನು ಅವರಿಬ್ಬರದೇ ಆಗುವುದಿಲ್ಲ. ಪಹಣಿ ಕಂದಾಯದ ದಾಖಲೆ, ಮಾಲೀಕತ್ವ ತೀರ್ಮಾನವಾಗುವುದು ಸಿವಿಲ್ ಕೋರ್ಟಿನಲ್ಲಿ.

ದಾವೆಯೇ ಹೂಡಬೇಕಾಗಿ ಬಂದರೂ ಖರ್ಚಿಗೆ ಹೆದರಬೇಡಿ. ಜಂಟಿ ಸ್ವಾಧೀನದಲ್ಲಿರುವ ಆಸ್ತಿಯ ವಿಭಾಗ ದಾವೆಗೆ ಕರ್ನಾಟಕದಲ್ಲಿ ಕೋರ್ಟ್ ಶುಲ್ಕ 200 ರೂಪಾಯಿ ದಾಟುವುದಿಲ್ಲ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ನಿಮಗೆ ಪಾಲಿಲ್ಲ ಎಂದು ಹೊರಗಿಟ್ಟಿದ್ದು ತಿಳಿದ ದಿನದಿಂದ ದಾವೆಗೆ 12 ವರ್ಷ ಕಾಲಾವಕಾಶವಿದೆ. ಆದರೆ ಅಷ್ಟರಲ್ಲಿ ಜಮೀನು ಮೂರನೆಯವರ ಕೈಗೆ ಹೋದರೆ ಜಗಳ ಇಮ್ಮಡಿಯಾಗುತ್ತದೆ. ಕಾಯಬೇಡಿ.

ತವರಿನ ಮಾತು ಉಳಿಯಿತು. ಆ ಭಯ ನಿಜ, ಅದನ್ನು ಹಗುರ ಮಾಡಲಾರೆವು. ‘ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎಂಬ ಮಾತೂ ಬಂದೇ ಬರುತ್ತದೆ. ಮದುವೆಯ ಖರ್ಚನ್ನು ಪಾಲಿನಲ್ಲಿ ಮುರಿದುಕೊಳ್ಳಲು ಕಾನೂನಿನಲ್ಲಿ ಜಾಗವಿಲ್ಲ. ‘ಕಾಗದ ಕಳಿಸಿ, ಓದಿಸಿ ಒಂದು ವಾರದಲ್ಲಿ ಹೇಳ್ತೀನಿ’ ಎನ್ನಿ. ಇದರಲ್ಲಿ ಜಗಳವೂ ಇಲ್ಲ, ಒಪ್ಪಿಗೆಯೂ ಇಲ್ಲ. ಓದಿದ ಮೇಲೆ ಅಣ್ಣಂದಿರಿಗೆ ಬಿಟ್ಟುಕೊಡಬೇಕೆಂದು ನಿಮಗೇ ಅನ್ನಿಸಿದರೆ ಧಾರಾಳವಾಗಿ ಬಿಡಿ. ಆದರೆ ಬಿಡುತ್ತಿರುವುದು 2 ಎಕರೆ 10 ಗುಂಟೆ ಎಂಬುದು ನಿಮಗೂ ಗೊತ್ತಿರಲಿ, ಅವರಿಗೂ ಗೊತ್ತಿರಲಿ. ಬದಲಿಗೆ ಹಣ ಕೊಡುತ್ತೇವೆಂದರೆ ಅದು ನಿಮ್ಮ ಬ್ಯಾಂಕ್ ಖಾತೆಗೆ ಬಿದ್ದ ಮೇಲೆಯೇ ಸಹಿ.

ಪ್ರಶ್ನೆ: ಗಂಡ ಬೇರೆ ಊರಲ್ಲಿ ಕೆಲಸಕ್ಕಿದ್ದಾರೆ. ಅತ್ತೆ, ಮಾವ ದಿನಾ ‘ಮನೆ ನಮ್ಮ ಹೆಸರಲ್ಲಿದೆ, ಹೊರಗೆ ನಡಿ’ ಅಂತಾರೆ. ಎರಡು ಸಲ ಕೈ ಮಾಡಿದ್ದಾರೆ. ಸ್ಟೇಷನ್‌ಗೆ ಹೋದರೆ ‘ಹೊಂದ್ಕೊಂಡು ಹೋಗಮ್ಮ’ ಅಂದ್ರು. ನನ್ನ ಒಡವೆಯೆಲ್ಲ ಅತ್ತೆಯ ಬೀರುವಿನಲ್ಲಿದೆ.
(ಹೆಸರು, ಊರು ಬೇಡ)

ಉತ್ತರ: ಜೀವಕ್ಕೆ ಅಪಾಯ ಕಂಡರೆ ಮನೆ, ಒಡವೆ ಯಾವುದನ್ನೂ ನೋಡಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಬಂದು 112ಕ್ಕೋ 181ಕ್ಕೋ ಕರೆ ಮಾಡಿ. ಆ ಪರಿಸ್ಥಿತಿ ಇಲ್ಲದಿದ್ದರೆ ಮುಂದಿನದನ್ನು ಓದಿ.

ಮನೆ ಅತ್ತೆ, ಮಾವನ ಹೆಸರಿನಲ್ಲಿದ್ದರೂ ನೀವು ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೌಟುಂಬಿಕ ದೌರ್ಜನ್ಯ ತಡೆಯ 2005ರ ಕಾಯ್ದೆ ಕೊಡುತ್ತದೆ. ಸುಪ್ರೀಂ ಕೋರ್ಟ್ ಇದನ್ನು 2020ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಇದು ವಾಸದ ಹಕ್ಕು, ಮಾಲೀಕತ್ವ ಅಲ್ಲ. ಅತ್ತೆ, ಮಾವ ವಯಸ್ಸಾದವರಾಗಿದ್ದರೆ ಅವರ ನೆಮ್ಮದಿಯನ್ನೂ ನೋಡಿ, ಗಂಡ ಬೇರೆ ಮನೆ ಮಾಡಿಕೊಡಲಿ ಅಥವಾ ಬಾಡಿಗೆ ಕೊಡಲಿ ಎಂದು ಕೋರ್ಟು ಹೇಳಬಹುದು. ಕಾನೂನಿನ ದಾರಿ ಬಿಟ್ಟು ನಿಮ್ಮನ್ನು ಬೀದಿಗೆ ತಳ್ಳುವ ಅಧಿಕಾರ ಮಾತ್ರ ಯಾರಿಗೂ ಇಲ್ಲ.

ಪೊಲೀಸ್ ಠಾಣೆಯೊಂದೇ ದಾರಿಯಲ್ಲ. ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಎಂದರೆ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿಯವರು ಸಿಡಿಪಿಒ ಎನ್ನುವವರು. ಅವರು ನಿಮ್ಮ ಹೇಳಿಕೆ ಬರೆದುಕೊಂಡು ಕೌಟುಂಬಿಕ ಘಟನಾ ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ, ಅದರ ಪ್ರತಿ ನಿಮಗೆ ಉಚಿತ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ತೀರ್ಮಾನ 60 ದಿನದೊಳಗೆ ಆಗಬೇಕೆಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಎಷ್ಟೋ ಪ್ರಕರಣ ಅದನ್ನು ಮೀರಿ ಎಳೆಯುತ್ತವೆ. ಆದ್ದರಿಂದ ಅರ್ಜಿಯ ಜೊತೆಗೇ 23ನೇ ಕಲಮಿನಡಿ ಮಧ್ಯಂತರ ಆದೇಶ ಕೇಳಿ. ಆದೇಶ ಮೀರಿದವರಿಗೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಬರವಣಿಗೆಯಲ್ಲಿ. ‘ಎಲ್ಲರೂ ಸೇರಿ ಹಿಂಸೆ ಕೊಟ್ಟರು’ ಎಂಬ ಸಾಲಿನಿಂದ ಏನೂ ಸಾಬೀತಾಗುವುದಿಲ್ಲ. ಯಾವ ತಾರೀಕು, ಎಷ್ಟು ಹೊತ್ತಿಗೆ, ಯಾರು, ಏನು ಮಾಡಿದರು, ಯಾರು ನೋಡಿದರು ಎಂದು ಬಿಡಿಸಿ ಬರೆಯಿರಿ. ಬೇರೆ ಊರಲ್ಲಿರುವ ನಾದಿನಿಯ ಹೆಸರನ್ನು ಸಿಟ್ಟಿಗೆ ಸೇರಿಸಬೇಡಿ, ಅದರಿಂದ ನಿಜವಾದ ದೂರೇ ಸಡಿಲವಾಗುತ್ತದೆ. ಪೆಟ್ಟು ಬಿದ್ದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೇಗಾಯಿತು ಎಂಬುದನ್ನು ಚೀಟಿಯಲ್ಲಿ ಬರೆಸಿ. ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದು ಒಮ್ಮೆ ಬರೆಸಿಬಿಟ್ಟರೆ ಅದೇ ಮುಂದೆ ನಿಮಗೆ ಎದುರು ನಿಲ್ಲುತ್ತದೆ. ಆ ವಿಳಾಸವಿರುವ ಆಧಾರ್, ರೇಷನ್ ಕಾರ್ಡು, ಮಗುವಿನ ಶಾಲೆಯ ದಾಖಲೆಯ ಫೋಟೊ ತೆಗೆದು ನಂಬಿಕಸ್ತರೊಬ್ಬರಿಗೆ ಕಳಿಸಿಡಿ.

ಒಡವೆಯ ವಿಷಯ. ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ನಿಮಗೆಂದು ಯಾರು ಕೊಟ್ಟದ್ದೇ ಇರಲಿ, ತವರಿನವರು ಅಥವಾ ಗಂಡನ ಮನೆಯವರು, ಅದು ನಿಮ್ಮ ಸ್ತ್ರೀಧನ. ಬೀರು ಅತ್ತೆಯದಾದರೂ ಒಳಗಿನ ಒಡವೆ ನಿಮ್ಮದೇ. ಅದನ್ನು ವಾಪಸ್ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೇ ಕಾಯ್ದೆಯ 19ನೇ ಕಲಮಿನಲ್ಲಿದೆ. ಇವತ್ತೇ ಕೂತು ಪಟ್ಟಿ ಬರೆಯಿರಿ: ಒಡವೆಯ ಹೆಸರು, ಗ್ರಾಂ, ಯಾರು ಕೊಟ್ಟರು, ಯಾವಾಗ, ಈಗ ಎಲ್ಲಿದೆ. ‘ಸರ 1’ ಎಂದರೆ ಸಾಲದು, ‘ಎರಡೆಳೆ ಅವಲಕ್ಕಿ ಸರ, 24 ಗ್ರಾಂ, ಅಮ್ಮ ಕೊಟ್ಟದ್ದು’ ಎಂದು ಬರೆಯಬೇಕು. ಬಿಲ್ಲು ಕಳೆದಿದ್ದರೆ ಮದುವೆ ಆಲ್ಬಮ್ಮಿನಲ್ಲಿ ಆ ಒಡವೆ ಕಾಣುವ ಫೋಟೊ ಹುಡುಕಿ. ಅಡವಿಟ್ಟಿದ್ದಾರೆಂಬ ಗುಮಾನಿಯಿದ್ದರೆ ಯಾವ ಬ್ಯಾಂಕು, ಯಾರ ಹೆಸರಿನ ಸಾಲ ಎಂಬುದನ್ನೂ ಅರ್ಜಿಯಲ್ಲಿ ಸೇರಿಸಿ.

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ಕೆಲಸ. ಒಟ್ಟು ಏಳು ಜನ. ಮಾಲೀಕರೇ ಕೆಟ್ಟದಾಗಿ ಮೈಮುಟ್ಟುತ್ತಾರೆ, ರಾತ್ರಿ ಮೆಸೇಜ್ ಹಾಕ್ತಾರೆ. ಕಮಿಟಿ ಗಿಮಿಟಿ ಎಲ್ಲ ದೊಡ್ಡ ಕಂಪನಿಗೆ ಮಾತ್ರ ಅಲ್ವಾ?
(ದಾವಣಗೆರೆ)

ಉತ್ತರ: ಅಲ್ಲ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ, ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಮನೆಗೆಲಸದವರಿಗೂ ಇದೇ ಸಮಿತಿ. ವಿಳಾಸವನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಕೇಳಿ.

ಕೊನೆಯ ಘಟನೆಯಾದ 3 ತಿಂಗಳೊಳಗೆ ದೂರು ಹೋಗಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ದೂರನ್ನು ಬರವಣಿಗೆಯಲ್ಲಿ, ದಾಖಲೆ ಮತ್ತು ಸಾಕ್ಷಿಗಳ ಹೆಸರಿನೊಂದಿಗೆ ಆರು ಪ್ರತಿ ಕೊಡಿ. ನಿಮಗೇ ಬರೆಯಲಾಗದಿದ್ದರೆ ಬರೆದುಕೊಡುವುದು ಸಮಿತಿಯ ಕೆಲಸ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರಲ್ಲಿ ನಿಮಗೆ 3 ತಿಂಗಳವರೆಗೆ ರಜೆ ಕೊಡಿಸುವ ಶಿಫಾರಸನ್ನೂ ಸಮಿತಿ ಮಾಡಬಹುದು. ರಾಜಿಗೆ ಕರೆದರೆ ನೆನಪಿಡಿ: ನೀವು ಕೇಳಿದರೆ ಮಾತ್ರ ರಾಜಿ, ಅದರಲ್ಲೂ ಹಣದ ಮೇಲೆ ರಾಜಿ ಮಾಡಿಸುವಂತಿಲ್ಲ.

ಮೆಸೇಜ್ ಅಸಹ್ಯವೆನಿಸಿ ಅಳಿಸಿಬಿಡುವುದು ಸಹಜ. ಅಳಿಸಬೇಡಿ. ನಂಬರು, ತಾರೀಕು ಎರಡೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆಯೂ ಇಡಿ, ಮೂಲ ಫೋನನ್ನು ಮಾರಬೇಡಿ. ಸಾಬೀತು ಮಾಡಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ನಿಮ್ಮ ದೂರನ್ನು ಸುಳ್ಳು ದೂರು ಎನ್ನುವಂತಿಲ್ಲ, ಕಾಯ್ದೆಯೇ ಹಾಗೆ ಹೇಳಿದೆ. ಮೈಮುಟ್ಟಿದ್ದು ಅಪರಾಧವೂ ಹೌದು, ಇದರ ಜೊತೆಗೇ ಪೊಲೀಸ್ ದೂರು ಕೊಡಬಹುದು.

ಪ್ರಶ್ನೆ: ನಮ್ಮ ಹಟ್ಟಿಯಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇಡ್ತಾರೆ. ನನ್ನ ತಂಗಿಗೆ ಮುಂದಿನ ತಿಂಗಳು ಹೆರಿಗೆ. ದೇವರ ವಿಷಯ, ಎದುರು ಮಾತಾಡಬೇಡ ಅಂತಾರೆ. ಏನು ಮಾಡಲಿ?
(ಶಿರಾ ತಾಲ್ಲೂಕು)

ಉತ್ತರ: ಬಾಣಂತನ ಎಂಬುದೂ ನಮ್ಮ ಸಂಪ್ರದಾಯವೇ. ಗಾಳಿ ಬಡಿಯದ ಕೋಣೆ, ಬಿಸಿನೀರು, ಬಿಸಿ ಊಟ, ಭಾರ ಎತ್ತಿಸದಿರುವುದು, ರಾತ್ರಿ ಜೊತೆಗೊಬ್ಬ ಹಿರಿಯ ಹೆಂಗಸು. ಹಸಿ ಬಾಣಂತಿಯನ್ನು ಚಳಿಯಲ್ಲೋ ಮಳೆಯಲ್ಲೋ ಗುಡಿಸಲಲ್ಲಿ ಒಂಟಿಯಾಗಿ ಮಲಗಿಸುವುದು ಇದಕ್ಕೇ ವಿರುದ್ಧ. ಹಿರಿಯರೊಂದಿಗೆ ಮಾತು ಶುರು ಮಾಡುವುದಾದರೆ ಇಲ್ಲಿಂದ ಮಾಡಿ. ಸೂತಕ ಪಾಲಿಸಲೇಬೇಕೆಂದರೆ ಮನೆಯೊಳಗೇ ಒಂದು ಕೋಣೆ ಬಿಟ್ಟುಕೊಡಲಿ, ದೇವರ ಕೋಣೆಗೆ ಹೋಗದಿರಲಿ. ಈ ಮಧ್ಯದ ದಾರಿಯೂ ನಮಗೆ ಪೂರ್ತಿ ಒಪ್ಪಿಗೆಯಲ್ಲ. ಆದರೆ ಮುಂದಿನ ತಿಂಗಳೊಳಗೆ ಮಗು ಬೆಚ್ಚಗಿರಬೇಕು, ಅದು ಮೊದಲು.

ಕೂಸಿಗೆ ಏಕೆ ಅಪಾಯ? ಹುಟ್ಟಿದ ಮಗುವಿಗೆ ತನ್ನ ಮೈಯ ಶಾಖವನ್ನು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ತೂಕ ಎರಡೂವರೆ ಕಿಲೊಗಿಂತ ಕಡಿಮೆಯಿದ್ದರಂತೂ ಬೇಗ ತಣ್ಣಗಾಗುತ್ತದೆ, ತಣ್ಣಗಾದ ಮಗು ಹಾಲು ಚೀಪುವುದನ್ನು ಬಿಡುತ್ತದೆ. ತಾಯಿಯ ಎದೆಗೆ ಚರ್ಮ ತಾಗುವಂತೆ ಇಟ್ಟುಕೊಳ್ಳುವುದು, ಮೊದಲ 24 ಗಂಟೆ ಸ್ನಾನ ಮಾಡಿಸದಿರುವುದು, ತಲೆಗೆ ಟೋಪಿ, ಇಷ್ಟು ಮಾಡಿದರೂ ದೊಡ್ಡ ರಕ್ಷಣೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬಂದು ತಾಯಿ, ಮಗುವನ್ನು ನೋಡಬೇಕು. ಈ ದಿನಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅವರಿಗೂ ತಿಳಿಸಿಡಿ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಉಸಿರು ಜೋರಾದರೆ, ತಾಯಿಗೆ ರಕ್ತ ಹೋಗುವುದು ನಿಲ್ಲದಿದ್ದರೆ, ಜ್ವರ ಬಂದರೆ ಯಾರ ಅಪ್ಪಣೆಗೂ ಕಾಯದೆ 108.

ಕಾನೂನೂ ನಿಮ್ಮ ಕಡೆಗಿದೆ. ಅಮಾನವೀಯ ಅನಿಷ್ಟ ಪದ್ಧತಿಗಳ ವಿರುದ್ಧದ ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಊರಿಂದಾಚೆ ಇಡುವುದೂ ಅದರ ನಿಷೇಧದ ಪಟ್ಟಿಯಲ್ಲಿದೆ. ಆದರೆ ಪೊಲೀಸರನ್ನು ಮೊದಲ ದಿನವೇ ಕರೆದರೆ ಅವರು ಹೋದ ಮೇಲೆ ಹಟ್ಟಿಯಲ್ಲಿ ಉಳಿಯಬೇಕಾದವರು ನೀವೂ ನಿಮ್ಮ ತಂಗಿಯೂ. ಮೊದಲು ಆಶಾ, ಅಂಗನವಾಡಿ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಒಟ್ಟಿಗೆ ಬಂದು ಹಿರಿಯರ ಜೊತೆ ಕೂತು ಮಾತಾಡುವಂತೆ ಕೇಳಿ, ಅದೂ ಹೆರಿಗೆಗೆ ಎರಡು ವಾರ ಮುಂಚೆಯೇ. ಅದಕ್ಕೂ ಬಗ್ಗದಿದ್ದರೆ ತಹಸೀಲ್ದಾರರಿಗೆ ಬರೆದುಕೊಡಿ, ಹೆರಿಗೆಯ ನಂತರ ತಂಗಿಯನ್ನು ಕೆಲವು ವಾರ ಬೇರೆ ನೆಂಟರ ಮನೆಯಲ್ಲಿ ಇಟ್ಟುಕೊಳ್ಳುವ ಏರ್ಪಾಡನ್ನೂ ಮಾಡಿಡಿ.

ಪ್ರಶ್ನೆ: ಅಪ್ಪ ಇಲ್ಲ. ಅವರ ಸ್ವಯಾರ್ಜಿತ ಜಮೀನು 3 ಎಕರೆ, ಒಂದೇ ಸರ್ವೆ ನಂಬರು. ಅಮ್ಮ, ನಾನು, ಅಕ್ಕ ಇದ್ದೇವೆ. ಅಕ್ಕ ಕೇಳಿಲ್ಲ, ಆದರೂ ಅವಳ ಪಾಲು ಅವಳಿಗೆ ಕೊಡಬೇಕು ಅಂತ ನನಗಿದೆ. ಹೇಗೆ ಮಾಡಬೇಕು?
(ಹಾವೇರಿ ಜಿಲ್ಲೆ)

ಉತ್ತರ: ನಿಮ್ಮ ಪತ್ರ ಓದಿ ನಿಜಕ್ಕೂ ಸಂತೋಷವಾಯಿತು. ಉಯಿಲು ಇಲ್ಲವೆಂದರೆ ಅಮ್ಮ, ಅಕ್ಕ, ನೀವು ಮೂವರಿಗೂ ಒಂದೊಂದು ಎಕರೆ. ಅಮ್ಮನ ಎಕರೆಯನ್ನು ನಿಮ್ಮದರೊಳಗೆ ಸೇರಿಸಿಬಿಡಬೇಡಿ, ಅದು ಅವರದ್ದು. ಅವರ ಮುಂದಿನ ದಿನಗಳಿಗೆ ಅದೇ ಆಸರೆ.

ಮೊದಲು ಮೂವರ ಹೆಸರಿಗೂ ಜಂಟಿಯಾಗಿ ಪೌತಿ ಖಾತೆ ಮಾಡಿಸಿ. ನಂತರ 11ಇ ನಕ್ಷೆಗೆ, ಅಂದರೆ ಭಾಗಗಳನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆಗೆ, ಅರ್ಜಿ ಹಾಕಿ. ಒಂದೇ ಸರ್ವೆ ನಂಬರನ್ನು ಭಾಗ ಮಾಡುವಾಗ ಆ ನಕ್ಷೆಯಿಲ್ಲದೆ ನೋಂದಣಿ ಆಗುವುದಿಲ್ಲ. ಭೂಮಾಪಕರು ಅಳೆಯಲು ಬಂದ ದಿನ ಅಮ್ಮ, ಅಕ್ಕ ಇಬ್ಬರೂ ಹೊಲದಲ್ಲಿರಲಿ. ನಕ್ಷೆ ಬಂದ ಮೇಲೆ ವಿಭಾಗ ಪತ್ರ ಬರೆಸಿ, ಮೂವರೂ ಹೋಗಿ ನೋಂದಣಿ ಮಾಡಿಸಿ. ಪಂಚಾಯ್ತಿಯಲ್ಲಿ ಬರೆದ ಪಾಲುಪಟ್ಟಿಗೆ ನಿಲ್ಲಬೇಡಿ. ನೋಂದಣಿಯ ಮಾಹಿತಿ ಕಂದಾಯ ಇಲಾಖೆಗೆ ತಾನಾಗಿ ಹೋಗುತ್ತದೆ. ಆದರೂ ಮೂರು ಪಹಣಿಯಲ್ಲೂ ಹೆಸರು, ವಿಸ್ತೀರ್ಣ ಸರಿಯಾಗಿ ಕೂತಿದೆಯೇ ಎಂದು ನೀವೇ ತೆಗೆದು ನೋಡಿ.

ಪತ್ರದಲ್ಲಿ ಜನ ಮರೆಯುವುದು ದಾರಿ ಮತ್ತು ನೀರನ್ನು. ರಸ್ತೆಗೆ ಹತ್ತಿರದ ಎಕರೆ ತಮ್ಮನಿಗೆ, ಹಿಂದಿನದು ಅಕ್ಕನಿಗೆ ಎಂದಾದರೆ, ಅಕ್ಕನ ಹೊಲಕ್ಕೆ ಟ್ರ್ಯಾಕ್ಟರ್ ಹೋಗುವಷ್ಟು ಅಗಲದ ದಾರಿಯನ್ನು ಚೆಕ್ಕುಬಂದಿ ಸಮೇತ ಬರೆಸಿ. ಬೋರ್‌ವೆಲ್ ಯಾರ ಪಾಲಿನಲ್ಲಿದೆ, ಅದರ ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ, ಯಾರಿಗೆ ವಾರದಲ್ಲಿ ಯಾವ ದಿನ ನೀರು, ಮೋಟಾರು ಸುಟ್ಟರೆ ರಿಪೇರಿಗೆ ಯಾರು ಎಷ್ಟು ಹಾಕಬೇಕು, ಇಷ್ಟನ್ನೂ ಪತ್ರದಲ್ಲೇ ಬರೆಸಿ. ಅಕ್ಕ ಮುಂದೆ ಜಮೀನನ್ನು ಯಾರಿಗಾದರೂ ಕೊಟ್ಟರೆ ಆ ನೀರಿನ ಸರದಿ ಅವರಿಗೂ ಸಲ್ಲುತ್ತದೆ ಎಂಬ ಸಾಲು ಬಿಟ್ಟುಹೋಗದಿರಲಿ.